ಹದಿನೇಳು ಗಂಟೆಯ ದೇಶಾಂತರ

ದೂರವನ್ನು ಹೇಳುವ ಮಾತುಗಳು ಕನ್ನಡದಲ್ಲಿ ಅನೇಕ ಇವೆ. ಮಾರು, ಕೂಗಳತೆ, ಹರದಾರಿ, ಗಾವುದ, ಯೋಜನ—ಇವುಗಳಲ್ಲಿ ಹರದಾರಿಯೆಂದರೆ ಮೂರು ಮೈಲಿಯೆಂದು ನಿಘಂಟು ಹೇಳುತ್ತದೆ. ಗಾವುದ ಯೋಜನಗಳ ಲೆಕ್ಕದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಬರಬೇಕಾದ ಅವಶ್ಯಕತೆಯೂ ಇಲ್ಲ. ನಮ್ಮ ಹಿರಿಯರು ದೂರವನ್ನು ಕೋಲಿನಿಂದ ಅಳೆದುದಕ್ಕಿಂತ ಮೈಯಿಂದ ಅಳೆದುದೇ ಹೆಚ್ಚು. ಕೂಗಳತೆಯೆಂದರೆ ಕೂಗಿದ ದನಿ ಕೇಳಿಸುವಷ್ಟು ಜಾಗ. ಕೂಗುವವನ ಕಂಠಬಲವನ್ನೂ ಗಾಳಿಯ ದಿಕ್ಕನ್ನೂ ಅನುಸರಿಸಿ ಅದು ಹಿಗ್ಗಬಹುದು, ಕುಗ್ಗಬಹುದು. ಇಂಥ ಸಡಿಲವಾದ ಅಳತೆ ಶಾಸ್ತ್ರಕ್ಕೆ ಒಗ್ಗದೆಂದು ನಾವು ಮೈಲಿಗೆ ಬಂದೆವು, ಮೈಲಿಯಿಂದ ಕಿಲೋಮೀಟರಿಗೆ ಬಂದೆವು. ಆದರೆ ವಿಮಾನ ಬಂದ ಮೇಲೆ ಜನ ಮತ್ತೆ ಹಳೆಯ ರೂಢಿಗೇ ಮರಳಿದಂತೆ ಕಾಣುತ್ತದೆ. ಅಮೆರಿಕ ಎಷ್ಟು ದೂರವೆಂದು ಯಾರನ್ನಾದರೂ ಕೇಳಿ ನೋಡಿ. ಕಿಲೋಮೀಟರಿನಲ್ಲಿ ಉತ್ತರ ಬಾರದು. “ಹದಿನೇಳು ಗಂಟೆ” ಎನ್ನುವರು, ಇಲ್ಲವೆ “ನಡುವೆ ಇಳಿದು ಹತ್ತಿದರೆ ಇಪ್ಪತ್ತೆರಡು” ಎನ್ನುವರು. ಇದೂ ಗಾಳಿಯ ದಿಕ್ಕನ್ನು ಅನುಸರಿಸಿ ಹಿಗ್ಗುವ ಕುಗ್ಗುವ ಅಳತೆಯೇ ಎಂಬುದು ಮುಂದೆ ತಿಳಿಯುತ್ತದೆ.

ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ—ಈ ಎರಡು ನಗರಗಳನ್ನೇ ತೆಗೆದುಕೊಳ್ಳೋಣ. ಕನ್ನಡನಾಡಿನ ಮಧ್ಯಮವರ್ಗದ ಮನೆಗಳಲ್ಲಿ ಇಂದು ಕಾಶಿಗಿಂತ ಹೆಚ್ಚಾಗಿ ಉಚ್ಚರಿತವಾಗುವ ದೂರದೂರು ಈ ಎರಡನೆಯದೂ ಅದರ ಸುತ್ತಣ ಪಟ್ಟಣಗಳೂ ಎಂದರೆ ಅತಿಶಯೋಕ್ತಿಯಾಗಲಾರದು. ಬೆಂಗಳೂರಿರುವುದು ಉತ್ತರ ಅಕ್ಷಾಂಶ 13ರ ಸುಮಾರಿಗೆ, ಪೂರ್ವ ರೇಖಾಂಶ 77ರ ಆಚೆಗೆ. ಸ್ಯಾನ್ ಫ್ರಾನ್ಸಿಸ್ಕೋ ಉತ್ತರ ಅಕ್ಷಾಂಶ 37ರ ಮೇಲೆ, ಪಶ್ಚಿಮ ರೇಖಾಂಶ 122ರಲ್ಲಿ. ಇವೆರಡರ ನಡುವಣ ಅತ್ಯಂತ ಹತ್ತಿರದ ದಾರಿ ಸುಮಾರು 14,000 ಕಿಲೋಮೀಟರು. ಭೂಮಿಯ ಸುತ್ತಳತೆ 40,000 ಕಿಲೋಮೀಟರಾದುದರಿಂದ ಯಾವ ಎರಡು ಊರುಗಳೂ 20,000 ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿರುವುದು ಸಾಧ್ಯವಿಲ್ಲ. ಆ ಲೆಕ್ಕದಲ್ಲಿ ಮನುಷ್ಯನಿಗೆ ದತ್ತವಾದ ಪರಮಾವಧಿ ದೂರದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಇಲ್ಲಿಯೇ ಮುಗಿದುಹೋಯಿತು.

ಈ ಹತ್ತಿರದ ದಾರಿ ಯಾವುದು? ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿದರೆ ಮೋಸಹೋಗುತ್ತೇವೆ. ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಗೆರೆಯೆಳೆದರೆ ಅದು ಬರ್ಮ, ಚೀನದ ದಕ್ಷಿಣ ತೀರಗಳನ್ನು ಮುಟ್ಟಿ ಶಾಂತಸಾಗರವನ್ನು ಅಡ್ಡಲಾಗಿ ದಾಟಿ ಕ್ಯಾಲಿಫೋರ್ನಿಯಕ್ಕೆ ಹೋಗುತ್ತದೆ. ನೋಡಲು ನೇರ; ನಡೆದರೆ ಸುಮಾರು 16,100 ಕಿಲೋಮೀಟರು. ಗೋಳವನ್ನು ಚಪ್ಪಟೆ ಮಾಡಿ ಕಾಗದದ ಮೇಲೆ ಹರಡಿದಾಗ ನೇರವೆಂಬುದು ಡೊಂಕಾಗುತ್ತದೆ, ಡೊಂಕೆಂಬುದು ನೇರವಾಗುತ್ತದೆ. ನಮ್ಮ ಕಾಲೇಜಿನ ಭೂಗೋಳ ವಿಭಾಗದಲ್ಲಿ ಒಂದು ಹಳೆಯ ಗೋಳವಿದೆ. ಅದರ ಮೇಲೆ ಸೋವಿಯತ್ ಒಕ್ಕೂಟ ಇನ್ನೂ ಅಖಂಡವಾಗಿದೆ. ಅದರ ಮೇಲೊಂದು ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿಹಿಡಿದು ನೋಡಿದರೆ ದಾರ ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ, ಉತ್ತರಾಭಿಮುಖವಾಗಿ ಏರುತ್ತದೆ! ಲುಂಬಿನಿಯ ಆಸುಪಾಸಿನಲ್ಲಿ ನೇಪಾಳವನ್ನು ಹೊಕ್ಕು, ಹಿಮಾಲಯವನ್ನೂ ಟಿಬೆಟ್ಟನ್ನೂ ದಾಟಿ, ಮಂಗೋಲಿಯದ ಪಶ್ಚಿಮದ ಅಂಚನ್ನು ಸವರಿ, ಸೈಬೀರಿಯವನ್ನು ಓರೆಯಾಗಿ ಸೀಳಿ, ಆರ್ಕ್ಟಿಕ್ ಸಾಗರದ ಕರೆಯಲ್ಲಿ 71ನೆಯ ಅಕ್ಷಾಂಶದವರೆಗೆ ಏರಿ, ಅಲ್ಲಿಂದ ಅಲಾಸ್ಕದ ಮೇಲೆ ಇಳಿದು, ಕೆನಡದ ಕಡಲನ್ನು ಅನುಸರಿಸಿ ಸ್ಯಾನ್ ಫ್ರಾನ್ಸಿಸ್ಕೋ ಸೇರುತ್ತದೆ. ಅಮೆರಿಕಕ್ಕೆ ಹೋಗುವವರು ಕಡಲನ್ನು ದಾಟುವರೆಂಬ ನಮ್ಮ ಕಲ್ಪನೆ ಎಷ್ಟು ಹಳೆಯದಾಯಿತು! ಇನ್ನೂ ಒಂದು ಸ್ವಾರಸ್ಯವಿದೆ. ಈ ದಾರಿಯನ್ನು ಬಿಟ್ಟು ಉತ್ತರಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ಆಗುವ ನಷ್ಟ ನಾನೂರು ಕಿಲೋಮೀಟರಿನೊಳಗೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಷ್ಟು.

ದಾರದ ದಾರಿ ಹೀಗಿದ್ದರೂ ವಿಮಾನದ ದಾರಿ ಅದೇ ಆಗಬೇಕಾಗಿಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯ ಮೇಲೆ ಹಾರುವುದಕ್ಕೆ ವಿಮಾನಸಂಸ್ಥೆಗಳು ಹಿಂಜರಿಯುತ್ತವೆ. ಕಾರಣ ಸರಳವಾದುದು. ಮೂವತ್ತೈದು ಸಾವಿರ ಅಡಿಯ ಮೇಲೆ ವಿಮಾನದೊಳಗಣ ಗಾಳಿಯ ಒತ್ತಡ ಆಕಸ್ಮಿಕವಾಗಿ ಕುಸಿದರೆ ಚಾಲಕನು ಅದನ್ನು ಶೀಘ್ರವಾಗಿ ಹತ್ತು ಸಾವಿರ ಅಡಿಗೆ ಇಳಿಸಬೇಕು, ಜನ ಉಸಿರಾಡಲು. ಕೆಳಗೆ ಭೂಮಿಯೇ ಹದಿನಾಲ್ಕು ಹದಿನೈದು ಸಾವಿರ ಅಡಿಯ ಎತ್ತರಕ್ಕೆ ಎದ್ದು ನಿಂತಿದ್ದರೆ ಇಳಿಯುವುದೆಲ್ಲಿಗೆ? ಆದುದರಿಂದ ಹತ್ತಿರದ ದಾರಿ ಎದುರಿಗಿದ್ದರೂ ಬಳಸಿ ಹೋಗಬೇಕು. ಕಾಳಿದಾಸನ ಯಕ್ಷ ಮೋಡಕ್ಕೆ ದಾರಿ ಹೇಳುವಾಗ, ಉತ್ತರಕ್ಕೆ ಹೊರಟ ನಿನಗೆ ಸುತ್ತಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ನೋಡಿಕೊಂಡೇ ಹೋಗೆಂದು ಆಗ್ರಹಪಡಿಸುತ್ತಾನೆ; ಬೇಂದ್ರೆಯವರು ಕನ್ನಡಕ್ಕೆ ತಂದ ಆ ಕಾವ್ಯವನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನಗೆ ಈ ವಿಮಾನಮಾರ್ಗಗಳ ನೆನಪಾಗುತ್ತದೆ. ಯಕ್ಷನ ಮೋಡ ಸೌಂದರ್ಯಕ್ಕಾಗಿ ಬಳಸಿತು. ನಮ್ಮ ಲೋಹದ ಮೋಡ ಬೆಟ್ಟಕ್ಕಾಗಿ, ಗಾಳಿಗಾಗಿ, ಯುದ್ಧಕ್ಕಾಗಿ ಬಳಸುತ್ತದೆ.

ಗಾಳಿಯ ಮಾತು ಬಂದಿತು. “ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆಯಲ್ಲ ಸಾರ್, ವಿಮಾನ ಮೇಲಕ್ಕೆದ್ದು ಸುಮ್ಮನೆ ನಿಂತರೂ ಊರುಗಳೇ ಕೆಳಗೆ ಬರಬೇಕಲ್ಲ?” ಎಂದು ವಿದ್ಯಾರ್ಥಿಯೊಬ್ಬ ಒಮ್ಮೆ ಕೇಳಿದ. ಪ್ರಶ್ನೆ ಪೆದ್ದುತನದ್ದಲ್ಲ. ಭೂಮಧ್ಯರೇಖೆಯಲ್ಲಿ ನೆಲ ಗಂಟೆಗೆ 1,670 ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆ. ವಿಮಾನದ ವೇಗ 900ರ ಸುಮಾರು. ಆದರೆ ಭೂಮಿಯ ಜೊತೆಗೆ ವಾಯುಮಂಡಲವೂ ತಿರುಗುತ್ತದೆ, ಅದರೊಳಗಣ ವಿಮಾನವೂ ತಿರುಗುತ್ತದೆ. ಓಡುವ ರೈಲಿನಲ್ಲಿ ಮೇಲಕ್ಕೆ ಎಸೆದ ನಿಂಬೆಹಣ್ಣು ಕೈಗೇ ಬಂದು ಬೀಳುವಂತೆ. ಆ ಕಾರಣದಿಂದ ಹೋಗುವ ಕಾಲ ಬರುವ ಕಾಲಗಳಲ್ಲಿ ವ್ಯತ್ಯಾಸ ಬರುವುದಿಲ್ಲ. ಬರುವುದು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಒಂದು ಗಾಳಿಯಿಂದ. ಜೆಟ್ ಪ್ರವಾಹವೆಂದು ಅದಕ್ಕೆ ಹೆಸರು. ಚಳಿಗಾಲದಲ್ಲಿ ಗಂಟೆಗೆ ಇನ್ನೂರು ಕಿಲೋಮೀಟರನ್ನು ಮೀರುವುದು ಅದಕ್ಕೆ ಅಪೂರ್ವವಲ್ಲ. ಇದನ್ನು 1920ರ ದಶಕದಲ್ಲಿ ಬೆಲೂನುಗಳನ್ನು ಹಾರಿಸಿ ಕಂಡುಹಿಡಿದವರು ಜಪಾನಿನ ವಾಸಾಬುರೋ ಓಯಿಶಿ. ಲೋಕಕ್ಕೆಲ್ಲ ತಿಳಿಯಲೆಂದು ಅವರು ಆ ವರದಿಯನ್ನು ವಿಶ್ವಭಾಷೆಯಾಗಬೇಕೆಂಬ ಹಂಬಲದಿಂದ ಹುಟ್ಟಿದ ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದರು. ಲೋಕ ಅದನ್ನು ಓದಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಬಾಂಬುಹಾಕಲು ಬಂದ ಅಮೆರಿಕದ ವಿಮಾನಗಳು ಈ ಗಾಳಿಗೆ ಸಿಕ್ಕಿ ತತ್ತರಿಸಿದುವು. ಭಾಷಾಧ್ಯಾಪಕನಾದ ನನಗೆ ಈ ಕಥೆಯಲ್ಲಿ ಬೇರೊಂದು ರುಚಿಯಿದೆ. ಆದರೆ ಅದು ಇಲ್ಲಿಗೆ ಬೇಡ.

ಈ ಗಾಳಿಯ ಫಲವಾಗಿ ಬೆಂಗಳೂರಿನಿಂದ ಪೂರ್ವದಿಕ್ಕು ಹಿಡಿದು ಶಾಂತಸಾಗರದ ಮೇಲೆ ಹೋಗುವ ವಿಮಾನ ದಾರಿ ದೀರ್ಘವಾದರೂ ಹದಿನಾರು ಗಂಟೆಯಲ್ಲಿ ಮುಟ್ಟಬಲ್ಲುದು. ಅಲ್ಲಿಂದ ಹಿಂದಿರುಗುವಾಗ ಅದೇ ದಾರಿಯಲ್ಲಿ ಬಂದರೆ ಎದುರುಗಾಳಿ. ಆದುದರಿಂದ ಬರುವಾಗ ಧ್ರುವದ ಕಡೆಯಿಂದ ಬರುವುದು ಲೇಸು. 2021ರ ಜನವರಿ 9ರಂದು ರಾತ್ರಿ ಎಂಟೂವರೆಗೆ ಏರ್ ಇಂಡಿಯದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಹಾಗೆ ಧ್ರುವಪ್ರದೇಶವನ್ನು ಹಾದು 11ರ ಬೆಳಗಿನ ಜಾವ ಮೂರು ಗಂಟೆಯ ತರುವಾಯ ಬೆಂಗಳೂರಿನಲ್ಲಿ ಇಳಿಯಿತು. ಈ ಎರಡು ನಗರಗಳನ್ನು ತಡೆಯಿಲ್ಲದೆ ಜೋಡಿಸಿದ ಮೊದಲ ಯಾನ ಅದು. ಭಾರತದ ಯಾವ ಸಂಸ್ಥೆಯೂ ಅದಕ್ಕೆ ಮೊದಲು ಅಷ್ಟು ದೂರದ ಸೇವೆಯನ್ನು ನಡೆಸಿರಲಿಲ್ಲ. ನಡೆಸಿದವರು ನಾಲ್ವರೂ ಮಹಿಳೆಯರು: ಜೋಯಾ ಅಗರವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್. ಯಾನ ಹದಿನೇಳು ಗಂಟೆಯದು.

ಪಂಚಾಂಗ ನೋಡುವ ಅಭ್ಯಾಸವುಳ್ಳವರು ಮೇಲಣ ದಿನಾಂಕಗಳನ್ನು ಗಮನಿಸಿಯೇ ಇರುತ್ತಾರೆ. ಹೊರಟುದು ಶನಿವಾರ ರಾತ್ರಿ, ಇಳಿದುದು ಸೋಮವಾರ ಬೆಳಗಾಗುವ ಮುನ್ನ. ನಡುವಣ ಆದಿತ್ಯವಾರ ಎಲ್ಲಿಗೆ ಹೋಯಿತು? ಜನವರಿಯಲ್ಲಿ ಧ್ರುವಪ್ರದೇಶದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಕ್ಯಾಲಿಫೋರ್ನಿಯದ ಇರುಳಿನಿಂದ ಧ್ರುವದ ಇರುಳಿಗೆ, ಧ್ರುವದ ಇರುಳಿನಿಂದ ಏಷ್ಯದ ಇರುಳಿಗೆ ಅವರು ಹಾರಿದರು. ಗಂಟೆಗಳ ಲೆಕ್ಕ ಹಾಕಿ ನೋಡಿದರೆ ಆ ಪ್ರಯಾಣಿಕರ ಕಿಟಕಿಗೆ ಆದಿತ್ಯವಾರ ಆದಿತ್ಯನ ದರ್ಶನವೇ ಆಗಿರಲಾರದು. ಭಾನುವಾರದ ಪುರವಣಿಗೆ ಬರೆಯುವವನಿಗೆ ಇದಕ್ಕಿಂತ ಭಯಾನಕವಾದ ಸಂಗತಿ ಇನ್ನೊಂದಿಲ್ಲ! ಹೋಗುವಾಗ ಇದಕ್ಕೆ ವಿಪರೀತ. ಚಳಿಗಾಲದಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಹದಿಮೂರೂವರೆ ಗಂಟೆಯ ಅಂತರ. ಮಧ್ಯಾಹ್ನ ಎರಡೂವರೆಗೆ ಇಲ್ಲಿ ಹೊರಟು ಹದಿನಾರು ಗಂಟೆ ಹಾರಿದವರು ಅದೇ ದಿನ ಸಂಜೆ ಐದಕ್ಕೆ ಅಲ್ಲಿ ಇಳಿಯುತ್ತಾರೆ. ಗಡಿಯಾರವನ್ನು ನಂಬಿದರೆ ಎರಡೂವರೆ ಗಂಟೆಯ ಪ್ರಯಾಣ; ಬೆಂಗಳೂರಿನಲ್ಲಿ ಮಳೆ ಬಂದ ಸಂಜೆ ನಗರದ ದಕ್ಷಿಣದ ತುದಿಯಿಂದ ದೇವನಹಳ್ಳಿಯ ನಿಲ್ದಾಣ ಸೇರಲೂ ಅಷ್ಟೇ ಬೇಕಾಗುತ್ತದೆ.

ನಮ್ಮವರಿಗೆ ಈ ವಿಚಿತ್ರ ಹೊಸತೇನೂ ಅಲ್ಲ. ಕ್ರಿ. ಶ. 499ರ ಆರ್ಯಭಟೀಯದಲ್ಲಿ ಭೂಮಧ್ಯರೇಖೆಯ ಮೇಲೆ ಸಮಾನಾಂತರದಲ್ಲಿರುವ ನಾಲ್ಕು ನಗರಗಳ ಕಲ್ಪನೆಯಿದೆ: ಲಂಕೆ, ಯವಕೋಟಿ, ಸಿದ್ಧಪುರ, ರೋಮಕ. ಲಂಕೆಯಲ್ಲಿ ಸೂರ್ಯೋದಯವಾದಾಗ ಯವಕೋಟಿಯಲ್ಲಿ ಮಧ್ಯಾಹ್ನ, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ. ಭೂಮಿ ಗೋಳವೆಂದೂ ಅದರ ವ್ಯಾಸ 1,050 ಯೋಜನವೆಂದೂ ಹೇಳಿದ ಆ ಮಹಾನುಭಾವ, ಕಾಲಭೇದವನ್ನೂ ನಾಲ್ಕು ಊರುಗಳಲ್ಲಿ ಹೇಳಿ ಮುಗಿಸಿದ. ಸಿದ್ಧಪುರವನ್ನು ಕಂಡವರು ಯಾರೂ ಇರಲಿಲ್ಲ. ಅದು ಗಣಿತಕ್ಕಾಗಿ ಕಟ್ಟಿದ ಊರು. ನಮಗಾದರೋ ಅದು ಕಣ್ಣಿಗೆ ಕಾಣುವ ಊರಾಯಿತು. ಇಲ್ಲಿ ಸುಪ್ರಭಾತವಾಗುವಾಗ ಅಲ್ಲಿ ಸಂಜೆಯ ದೀಪ ಹಚ್ಚುತ್ತಾರೆ. ಅಲ್ಲಿ ಕನ್ನಡ ಕೂಟವಿದೆ, ಮಕ್ಕಳಿಗೆ ಅಕ್ಷರ ತಿದ್ದಿಸುವ ಕನ್ನಡ ಶಾಲೆಗಳಿವೆ.

ಹಿಂದೆ ಹೋದವರಿಗೆ ಎಷ್ಟು ಕಾಲ ಹಿಡಿಯಿತೆಂಬುದನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ. ಸ್ವಾಮಿ ವಿವೇಕಾನಂದರು 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಗಳಾಗಿದ್ದು, ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೋ, ಪೆನಾಂಗ್, ಸಿಂಗಪುರ, ಹಾಂಗ್ ಕಾಂಗ್, ಜಪಾನುಗಳನ್ನು ಕಂಡು ಕೆನಡದ ವ್ಯಾಂಕೂವರಿನಲ್ಲಿ ಇಳಿದುದು ಜುಲೈ 25ಕ್ಕೆ. ಎಂಟು ವಾರ! ವಿ. ಕೃ. ಗೋಕಾಕರು ಮೂವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದುದೂ ಹಡಗಿನಲ್ಲಿಯೇ. ಆ ನೀರಿನ ದಾರಿ ದೀರ್ಘವಾಗಿದ್ದುದರಿಂದಲೇ ಕನ್ನಡಕ್ಕೆ ಸಮುದ್ರಗೀತೆಗಳು ಬಂದುವು. ಅದೇ ದಶಕದಲ್ಲಿ, 1935ರ ನವೆಂಬರ್ 22ರಂದು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ ಚೈನಾ ಕ್ಲಿಪ್ಪರ್ ಎಂಬ ನೀರವಿಮಾನ ಟಪಾಲು ಹೊತ್ತು ಹೊರಟು, ದ್ವೀಪದಿಂದ ದ್ವೀಪಕ್ಕೆ ಹಾರುತ್ತ 29ರಂದು ಮನಿಲ ಸೇರಿತು. ನಮ್ಮಲ್ಲಿ 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲಗಳನ್ನು ಹಾರಿಸಿ ತಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಎಣ್ಣೆಯ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದುವಂತೆ. ಮುಂಬಯಿಯಿಂದ ಮುಂದಕ್ಕೆ ಅವರ ಸಂಗಡಿಗ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಭಾರತದ ವಿಮಾನಯಾನದ ಮೊದಲ ಹೆಜ್ಜೆಯಲ್ಲಿಯೇ ನಮ್ಮ ಬಳ್ಳಾರಿಯ ಹೆಸರಿರುವುದನ್ನು ಬಳ್ಳಾರಿಯವರೂ ಮರೆತಿದ್ದಾರೆ. ಸ್ವಾತಂತ್ರ್ಯಾನಂತರ 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಗಳ ಮೂಲಕ ಲಂಡನ್ನಿಗೆ ಹಾರಿತು. ಎಪ್ಪತ್ತರ ದಶಕದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕಕ್ಕೆ ಹೋಗಿಬಂದು ಪುಸ್ತಕ ಬರೆಯುವ ಹೊತ್ತಿಗೆ ವಿಮಾನ ಹಳ್ಳಿಯ ಹಿರಿಯರಿಗೂ ಎಟುಕುವ ವಾಹನವಾಗಿತ್ತು. ಆ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು.

ಧ್ರುವದ ದಾರಿಯನ್ನು ಪ್ರಯಾಣಿಕರಿಗೆ ತೆರೆದವರು ಸ್ಕ್ಯಾಂಡಿನೇವಿಯದವರು. 1954ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಿಂದ ಲಾಸ್ ಏಂಜಲೀಸಿಗೆ, 1957ರಲ್ಲಿ ಧ್ರುವವನ್ನೇ ದಾಟಿ ಟೋಕಿಯೋಗೆ. ಅಲ್ಲಿ ದಿಕ್ಸೂಚಿಯ ಮುಳ್ಳಿಗೆ ಭ್ರಮೆ ಹಿಡಿಯುತ್ತದೆ, ಏಕೆಂದರೆ ಭೂಕಾಂತದ ಧ್ರುವವೂ ಸಮೀಪದಲ್ಲೇ ಇದೆ. ಹೊರಗಿನ ಶೈತ್ಯ ಎಷ್ಟೆಂದರೆ ರೆಕ್ಕೆಯೊಳಗಣ ಎಣ್ಣೆ ಗಡ್ಡೆಗಟ್ಟದಂತೆ ಚಾಲಕರು ಅದರ ಉಷ್ಣಮಾನವನ್ನು ನೋಡುತ್ತಲೇ ಇರಬೇಕು. ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ ಹೋದರೆ ಕೆಲವು ಬಗೆಯ ವಿಮಾನದ ಎಣ್ಣೆ ಹೆಪ್ಪುಗಟ್ಟತೊಡಗುತ್ತದೆ. ಎಣ್ಣೆಯ ವಿಷಯವೇ ಒಂದು ಒಗಟು. ದೂರ ಹೋಗಲು ಹೆಚ್ಚು ಎಣ್ಣೆ ಬೇಕು. ಆ ಎಣ್ಣೆಯ ಭಾರವನ್ನು ಹೊರಲು ಮತ್ತೆ ಎಣ್ಣೆ ಬೇಕು. ದಾರಿಬುತ್ತಿಯ ಗಂಟನ್ನು ಹೊರುವುದಕ್ಕಾಗಿಯೇ ಇನ್ನೊಂದು ಬುತ್ತಿ ಉಣ್ಣುವವನ ಪಾಡು ಇದು. ಆದುದರಿಂದ ಹದಿನೇಳು ಗಂಟೆಯ ವಿಮಾನ ಎಷ್ಟೋ ವೇಳೆ ತುಂಬಿದ ಪೀಠಗಳನ್ನಲ್ಲ, ಖಾಲಿ ಪೀಠಗಳನ್ನು ಹೊತ್ತು ಹಾರಬೇಕಾಗುತ್ತದೆ. ಯಂತ್ರಕ್ಕೆ ಅಸಾಧ್ಯವೆಂದಲ್ಲ. 2005ರ ನವೆಂಬರಿನಲ್ಲಿ ಇದೇ ಜಾತಿಯ ಬೋಯಿಂಗ್ ವಿಮಾನವೊಂದು ಹಾಂಗ್ ಕಾಂಗಿನಿಂದ ಪೂರ್ವಾಭಿಮುಖವಾಗಿ ಹೊರಟು ಎರಡು ಸಾಗರಗಳನ್ನು ದಾಟಿ 21,600 ಕಿಲೋಮೀಟರುಗಳ ತರುವಾಯ ಲಂಡನ್ನಿನಲ್ಲಿ ಇಳಿಯಿತು, 22 ಗಂಟೆ 42 ನಿಮಿಷದಲ್ಲಿ. ಆದರೆ ಸಾಹಸ ಬೇರೆ, ವ್ಯಾಪಾರ ಬೇರೆ. ಸಿಂಗಪುರದಿಂದ ನ್ಯೂಯಾರ್ಕಿನ ನೆರೆಯ ನ್ಯೂಅರ್ಕಿಗೆ 2004ರಲ್ಲಿ ಆರಂಭವಾದ ನೇರಸೇವೆ ಎಣ್ಣೆಯ ಖರ್ಚನ್ನು ತಾಳಲಾರದೆ 2013ರಲ್ಲಿ ನಿಂತು, ಹೊಸ ಬಗೆಯ ವಿಮಾನ ಬಂದ ಮೇಲೆ 2018ರಲ್ಲಿ ಮತ್ತೆ ಆರಂಭವಾಯಿತು.

ರಾಜಕಾರಣ ಈ ಅಳತೆಯನ್ನು ಹೇಗೆ ಬದಲಿಸುತ್ತದೆಂಬುದು ಇನ್ನೂ ಕುತೂಹಲಕರ. ಹೆಲ್ಸಿಂಕಿಯಿಂದ ಟೋಕಿಯೋಗೆ ಫಿನ್ಲೆಂಡಿನ ವಿಮಾನಗಳು ರಷ್ಯದ ಮೇಲೆ ಹಾದು ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದುವು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ರಷ್ಯದ ಆಕಾಶ ಅವಕ್ಕೆ ಮುಚ್ಚಿದೊಡನೆ ಅದೇ ಪ್ರಯಾಣ ಹದಿಮೂರು ಗಂಟೆಗೆ ಏರಿತು. ಹೆಲ್ಸಿಂಕಿ ಕದಲಲಿಲ್ಲ, ಟೋಕಿಯೋ ಕದಲಲಿಲ್ಲ. ದೂರ ಮಾತ್ರ ಮೂರುವರೆ ಗಂಟೆಯಷ್ಟು ಬೆಳೆಯಿತು. ಹೀಗೆಯೇ 2019ರಲ್ಲಿ ಕೆಲವು ತಿಂಗಳು, ಆಮೇಲೆ 2025ರ ಏಪ್ರಿಲ್‌ನಿಂದ, ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಬಳಸಬೇಕಾಯಿತು. ಇದಕ್ಕಿಂತಲೂ ವಿಚಿತ್ರವಾದುದು ಕಾಗದದ ದೂರ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಎಚ್-1ಬಿ ಎಂಬ ಉದ್ಯೋಗ ರಹದಾರಿಗೆ ಒಂದು ಲಕ್ಷ ಡಾಲರುಗಳ ಶುಲ್ಕವನ್ನು ಘೋಷಿಸಿದರು. ಅದು 21ರ ಮೊದಲ ಗಳಿಗೆಯಿಂದ ಜಾರಿಗೆ ಬರುವುದೆಂದೂ ಇತ್ತು. ಹೊಸ ಅರ್ಜಿಗಳಿಗೆ ಮಾತ್ರ ಅದು ಅನ್ವಯಿಸುವುದೆಂಬ ವಿವರಣೆ ಬರುವಷ್ಟರಲ್ಲಿ, ರಜೆಯಲ್ಲಿ ಊರಿಗೆ ಬಂದಿದ್ದ ಎಷ್ಟೋ ಮಂದಿ ಹಬ್ಬದ ಎಲೆಯನ್ನು ಬಿಟ್ಟು ನಿಲ್ದಾಣಕ್ಕೆ ಓಡಿದ್ದರು. ಹದಿನಾರು ಗಂಟೆಯ ಹಾದಿಗೆ ಇಪ್ಪತ್ತನಾಲ್ಕು ಗಂಟೆಯ ಗಡುವು. ಅಂದು ಕ್ಯಾಲಿಫೋರ್ನಿಯ ಇದ್ದಷ್ಟು ದೂರ ವಿವೇಕಾನಂದರ ಕಾಲದಲ್ಲಿಯೂ ಇರಲಿಲ್ಲವೆನಿಸುತ್ತದೆ.

ನಮ್ಮ ಧರ್ಮಶಾಸ್ತ್ರಕಾರರಿಗೆ ದೂರದ ಪ್ರಶ್ನೆ ಎದುರಾದುದು ಸಾವಿನ ಸಂದರ್ಭದಲ್ಲಿ. ದೇಶಾಂತರದಲ್ಲಿರುವ ಬಂಧುವಿಗೆ ಮರಣದ ಸುದ್ದಿ ತಡವಾಗಿ ಮುಟ್ಟಿದರೆ ಸೂತಕ ಎಷ್ಟು ದಿನ? ಅದಕ್ಕೆ ಮೊದಲು ದೇಶಾಂತರವೆಂದರೆ ಯಾವುದೆಂದು ನಿರ್ಣಯಿಸಬೇಕು. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯೂ ಈ ಚರ್ಚೆಯನ್ನು ಎತ್ತುತ್ತದೆ. ಅರುವತ್ತು ಯೋಜನವೆನ್ನುವವರುಂಟು, ನಲವತ್ತೆನ್ನುವವರುಂಟು, ಮೂವತ್ತೇ ಸಾಕೆನ್ನುವವರೂ ಉಂಟು. ಆದರೆ ಅಂಕೆಗಳಿಗಿಂತ ಸೊಗಸಾದ ಲಕ್ಷಣವೊಂದಿದೆ: ನಡುವೆ ಮಹಾನದಿಯೋ ಪರ್ವತವೋ ಅಡ್ಡ ಬಂದರೆ ದೇಶಾಂತರ, ಮಾತು ಬೇರೆಯಾದರೆ ದೇಶಾಂತರ. ಹತ್ತು ರಾತ್ರಿಗಳೊಳಗೆ ಸುದ್ದಿ ಬಾರದ ನಾಡು ದೇಶಾಂತರವೆಂಬ ಮತವೂ ಇದೆ. ಇಂದು ಸುದ್ದಿಗೆ ದೇಶಾಂತರವಿಲ್ಲ; ಕ್ಷಣಾರ್ಧದಲ್ಲಿ ಮುಟ್ಟುತ್ತದೆ. ದೇಹಕ್ಕೆ ಇದೆ. ಸುದ್ದಿಯೂ ದೇಹವೂ ಒಂದೇ ಕುದುರೆಯ ಮೇಲೆ ಬರುತ್ತಿದ್ದ ಕಾಲದ ಶಾಸ್ತ್ರಕ್ಕೆ ಈ ಸಮಸ್ಯೆ ಹೊಳೆಯುವಂತಿರಲಿಲ್ಲ.

ನಮ್ಮ ಬೀದಿಯಲ್ಲಿ ಗಣಿತದ ಮೇಷ್ಟರೊಬ್ಬರಿದ್ದಾರೆ, ನಿವೃತ್ತರಾಗಿ ಬಹಳ ವರ್ಷವಾಯಿತು. ಒಬ್ಬಳೇ ಮಗಳು, ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ ಸ್ಯಾನ್ ಹೋಸೆಯಲ್ಲಿ ಸಂಸಾರ. ಅವರ ಹಜಾರದ ಗೋಡೆಯ ಮೇಲೆ ಎರಡು ಗಡಿಯಾರಗಳು. ಮಾರ್ಚಿಯ ಎರಡನೆಯ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವಾಗ ಮೇಷ್ಟರು ಸ್ಟೂಲು ಹತ್ತಿ ಎರಡನೆಯ ಗಡಿಯಾರವನ್ನು ತಿರುಗಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ ಮತ್ತೆ ಹತ್ತಿ ಹಿಂದಕ್ಕೆ ತಿರುಗಿಸುತ್ತಾರೆ. ಕೆಲವು ವರ್ಷಗಳ ಹಿಂದೆ, ಒಂದು ಮಾಘಮಾಸದ ಬೆಳಗಿನ ಜಾವ ನಾಲ್ಕು ಗಂಟೆಗೆ ಅವರ ಧರ್ಮಪತ್ನಿ ತೀರಿಕೊಂಡರು. ಎರಡನೆಯ ಗಡಿಯಾರದಲ್ಲಿ ಹಿಂದಿನ ದಿನದ ಮಧ್ಯಾಹ್ನ ಎರಡೂವರೆ. ಮಗಳು ಕಚೇರಿಯಲ್ಲಿದ್ದಳು. “ಅಪ್ಪಾ, ಹೊರಟೆ, ನಾನು ಬರುವವರೆಗೆ…” ಎಂದಷ್ಟೇ ಹೇಳಿದಳಂತೆ.

ಅಂದು ನೇರ ವಿಮಾನವಿರಲಿಲ್ಲ. ಆ ರಾತ್ರಿ ಒಂಬತ್ತಕ್ಕೆ, ಅಂದರೆ ನಮ್ಮ ಬೆಳಿಗ್ಗೆ ಹತ್ತೂವರೆಗೆ, ಅವಳಿಗೆ ಸಿಕ್ಕ ವಿಮಾನ ಯೂರೋಪಿನ ಮೂಲಕ ಬರುವಂಥದು. ನೆರೆಹೊರೆಯವರು, ನೆಂಟರು, ಪುರೋಹಿತರು ಹಜಾರದಲ್ಲಿ ಸೇರಿದ್ದರು. ಸೂರ್ಯಾಸ್ತದೊಳಗೆ ಎಲ್ಲವೂ ಆಗಿಹೋಗಬೇಕು, ಮುತ್ತೈದೆಯನ್ನು ಇರುಳು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಹಿರಿಯರೊಬ್ಬರು ಪಟ್ಟುಹಿಡಿದರು. ಮೇಷ್ಟರು ಮಾತನಾಡದೆ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಲೆಕ್ಕ ಹಾಕುತ್ತಿದ್ದುದನ್ನು ನಾನು ಕಂಡೆ. ಹೊರಡುವ ಮೊದಲೇ ಆರೂವರೆ ಗಂಟೆ. ಯೂರೋಪಿನ ಕಾಯುವಿಕೆಯೂ ಸೇರಿ ದಾರಿಯಲ್ಲಿ ಇಪ್ಪತ್ತೆರಡು. ದೇವನಹಳ್ಳಿಯಲ್ಲಿ ಇಳಿದು ಕಾಗದಪತ್ರ ಮುಗಿಸಿ ಮೈಸೂರಿಗೆ ಬರಲು ನಾಲ್ಕೂವರೆ. ಒಟ್ಟು ಮೂವತ್ತಮೂರು. ಮೊತ್ತದ ಕೆಳಗೆ ಎರಡು ಗೆರೆ ಎಳೆದರು, ಹಲಗೆಯ ಮೇಲೆ ಎಳೆಯುತ್ತಿದ್ದಂತೆ. “ನಾಳೆ ಮಧ್ಯಾಹ್ನ ಒಂದು ಗಂಟೆ. ಕಾಯೋಣ” ಎಂದರು. ಆ ಹಿರಿಯರು ಎದ್ದು ಹೊರಟೇ ಹೋದರು. ಪುರೋಹಿತರು ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, “ಕಾಯಿರಿ ಮೇಷ್ಟ್ರೇ, ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ” ಎಂದರು. ಫ್ರೀಜರ್ ಪೆಟ್ಟಿಗೆಯನ್ನು ಬಾಡಿಗೆಗೆ ತರಿಸಿದರು. ಅದರ ಯಂತ್ರದ ಗುಂಯ್‌ಗುಟ್ಟುವಿಕೆ ಇಡೀ ರಾತ್ರಿ ಬೀದಿಗೆಲ್ಲ ಕೇಳಿಸುತ್ತಿತ್ತು.

ಮರುದಿನ ಟ್ಯಾಕ್ಸಿ ಬಂದು ನಿಂತಾಗ ಒಂದು ಗಂಟೆ ಹತ್ತು ನಿಮಿಷ. ರಸ್ತೆಯಲ್ಲಿ ಎಲ್ಲೋ ತಡವಾಗಿತ್ತು. ಆ ಹುಡುಗಿ ಕ್ಯಾಲಿಫೋರ್ನಿಯದ ಚಳಿಗೆಂದು ತೊಟ್ಟ ದಪ್ಪನೆಯ ಕೋಟಿನಲ್ಲಿಯೇ ಇಳಿದು ಒಳಕ್ಕೆ ಹೋದಳು. ನೇರ ವಿಮಾನ ಸಿಕ್ಕಿದ್ದರೆ ಐದು ಗಂಟೆ ಉಳಿಯುತ್ತಿತ್ತೆಂದು ನೆಂಟರೊಬ್ಬರು ಹೊರಗೆ ಹೇಳುತ್ತಿದ್ದರು. ಅದು ಸರಿಯಾದ ಲೆಕ್ಕವೇ. ಆದರೂ ಇಪ್ಪತ್ತೆಂಟು ಗಂಟೆಯಲ್ಲಿ ಹನ್ನೊಂದು ನೆಲದ ಮೇಲೆಯೇ ಕಳೆಯುವಂಥವು. ಅವನ್ನು ಯಾವ ಬೋಯಿಂಗ್ ವಿಮಾನವೂ ಕಡಿಮೆ ಮಾಡಲಾರದು. ಆಸ್ಟ್ರೇಲಿಯದ ಕ್ವಾಂಟಸ್ ಸಂಸ್ಥೆ ಸಿಡ್ನಿಯಿಂದ ಲಂಡನ್ನಿಗೆ 17,000 ಕಿಲೋಮೀಟರುಗಳನ್ನು ಒಂದೇ ನೆಗೆತದಲ್ಲಿ, ಇಪ್ಪತ್ತು ಗಂಟೆಗೆ ಮೀರಿ ಹಾರುವ ಸಿದ್ಧತೆ ನಡೆಸಿರುವುದನ್ನು ಓದಿದಾಗ ನಾನು ಮೇಷ್ಟರಿಗೆ ಅದನ್ನು ಹೇಳಿದೆ. 1947ರಲ್ಲಿ ಇದೇ ದಾರಿಗೆ ನಾಲ್ಕು ದಿನ ಹಿಡಿಯುತ್ತಿತ್ತು, ನಡುವೆ ಕಲ್ಕತ್ತೆಯಲ್ಲಿಯೂ ಕರಾಚಿಯಲ್ಲಿಯೂ ಇಳಿಯುತ್ತಿದ್ದರು ಎಂದೆ. ಅವರು ಆಸಕ್ತಿಯಿಂದ ಕೇಳಿ, ವೇಗದಿಂದ ದೂರವನ್ನು ಭಾಗಿಸಿ ಸರಿಯೆಂದು ಒಪ್ಪಿದರು.

ಈಗ ಮಗಳು ವರ್ಷಕ್ಕೊಮ್ಮೆ ಬರುತ್ತಾಳೆ. ಹೊರಟಿತೆಂದು ತಿಳಿದೊಡನೆ ಮೇಷ್ಟರು ಮೊಬೈಲಿನಲ್ಲಿ ಆ ಪುಟ್ಟ ಹಳದಿ ವಿಮಾನದ ಚಿತ್ರವನ್ನು ತೆರೆದುಕೊಂಡು ಜಗಲಿಯ ಮೇಲೆ ಕೂರುತ್ತಾರೆ. ಕಳೆದ ಬಾರಿ ನಾನು ಕಾಲೇಜಿಗೆ ಹೋಗುವಾಗ ಕರೆದು ತೋರಿಸಿದರು. ಸಾಗರವೂ ಅಲ್ಲದ, ನೆಲವೂ ಅಲ್ಲದ ಒಂದು ಬಿಳಿಯ ಹರವಿನ ಮೇಲೆ ಚಿತ್ರ ಕದಲದೆ ನಿಂತಂತಿತ್ತು. “ಗ್ರೀನ್‌ಲೆಂಡ್ ಮೇಲಿದ್ದಾಳೆ. ಇನ್ನು ಯೂರೋಪು, ಅಲ್ಲಿ ಎರಡು ಗಂಟೆ, ಆಮೇಲೆ ಒಂಬತ್ತು. ಮದ್ದೂರಿನಲ್ಲಿ ಕಾಫಿಗೆ ನಿಲ್ಲಿಸದಿದ್ದರೆ ನಾಳೆ ಊಟದ ಹೊತ್ತಿಗೆ ಬಂದುಬಿಡುತ್ತಾಳೆ” ಎಂದರು.